ಹೂತ ಗಾಡಿಗೆ ಹಗ್ಗ ಎಲ್ಲಿ ಕಟ್ಟೋದು: ನಾಲ್ಕು ಮಳೆಗಾಲ ಎಳೆದು ನೋಡಿದ ಕೊಂಡಿಗಳು

ಮೇ ತಿಂಗಳ ಕೊನೆಗೆ ನಾಲ್ಕು ಮಳೆ ಬಿದ್ದು ತೋಟದ ರಸ್ತೆ ಮೆತ್ತಗಾದ ಕೂಡಲೇ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ. "ಯಾವ ಹಗ್ಗ ತಗೊಳ್ಳೋದು ಮಾರಾಯ? ಎಂಟು ಟನ್ನಿಂದು ಸಾಕಾ, ಹನ್ನೊಂದು ಟನ್ನಿಂದೇ ಬೇಕಾ?" ನಾನು ಹಗ್ಗದ ಮಾತಿಗೇ ಹೋಗುವುದಿಲ್ಲ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗು, ಆ ಹಗ್ಗವನ್ನು ಎಲ್ಲಿಗೆ ಸಿಕ್ಕಿಸುತ್ತೀಯೋ ಆ ಜಾಗದ ಫೋಟೊ ಕಳಿಸು ಅನ್ನುತ್ತೇನೆ. ಬರುವ ಫೋಟೊಗಳನ್ನು ನೋಡಿ ಎಷ್ಟೋ ಸಲ ಹೆದರಿಕೆಯಾಗಿದೆ. ಹನ್ನೊಂದು ಟನ್ನಿನ ಹಗ್ಗ ಕೊಂಡವರು ಅದನ್ನು ಎರಡು ಟನ್ನಿಗೂ ನಿಲ್ಲದ ತಗಡಿನ ಕಿವಿಗೆ ಕಟ್ಟಲು ಹೊರಟಿರುತ್ತಾರೆ. ಹಗ್ಗ ಗಟ್ಟಿಯಾದಷ್ಟೂ ಮುರಿಯುವುದು ಕಬ್ಬಿಣ. ಮುರಿದ ಕಬ್ಬಿಣ ಸುಮ್ಮನೆ ಕೆಳಗೆ ಬೀಳುವುದಿಲ್ಲ, ಹಿಗ್ಗಿದ ಹಗ್ಗದ ತುದಿಯಲ್ಲಿ ಕವಣೆ ಕಲ್ಲಿನಂತೆ ಹಾರುತ್ತದೆ.

ನಮ್ಮದು ಸಕಲೇಶಪುರದಿಂದ ಹೆತ್ತೂರು, ಬಿಸಿಲೆ ಕಡೆ ಹೋಗುವ ದಿಕ್ಕಿನ ಕಾಫಿ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೂತುಕೊಳ್ಳುವುದು ನಮಗೆ ಸಾಹಸವಲ್ಲ, ದಿನಚರಿ. ನನ್ನದು ಲ್ಯಾಡರ್ ಚಾಸಿಯ, ಅಂದರೆ ಅಡಿಯಲ್ಲಿ ಏಣಿಯಾಕಾರದ ಕಬ್ಬಿಣದ ಚೌಕಟ್ಟಿರುವ, ಫೋರ್ ವೀಲ್ ಡ್ರೈವ್, ಖಾಲಿ ಗಾಡಿಯೇ ಸುಮಾರು 1,750 ಕೆಜಿ. ಭಾವನದು ಚಿಕ್ಕ ಪೆಟ್ರೋಲ್ ಗಾಡಿ, 1,200 ಕೆಜಿ ಆಸುಪಾಸು. ಜೊತೆಗೆ ತೋಟದ ಟ್ರ್ಯಾಕ್ಟರ್. ಈ ಮೂರರ ನಡುವೆ, ಕಾಫಿ ಕಣದ ಕೆಳಗಿನ ಜೌಗಿನಲ್ಲಿ ಮತ್ತು ಹಳ್ಳ ದಾಟುವ ಜಾಗದಲ್ಲಿ, ನಾಲ್ಕು ಮಳೆಗಾಲದಲ್ಲಿ ಬೇರೆ ಬೇರೆ ಕೊಂಡಿಗೆ ಕಟ್ಟಿ ಎಳೆದಿದ್ದೇವೆ. ಕೆಲವು ಬೇಕೆಂದೇ ಮಾಡಿದ ಪರೀಕ್ಷೆ. ಇನ್ನು ಕೆಲವು ಬೇರೆ ದಾರಿಯಿಲ್ಲದೆ ಮಾಡಿದ್ದು, ಮತ್ತೊಮ್ಮೆ ಮಾಡಲಾರೆ.

ಮೊದಲು ಎಷ್ಟು ಭಾರ ಬೀಳುತ್ತದೆ ಅನ್ನುವ ಅಂದಾಜು ಬೇಕು. ಸೇನೆಯ ರಿಕವರಿ ತಂಡಗಳು ಬಳಸುವ ಒಂದು ಒರಟು ಲೆಕ್ಕವಿದೆ. ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡ್ ಮುಟ್ಟಿದರೆ ಎರಡರಷ್ಟು, ಬಾಡಿಯೇ ಕೆಸರಲ್ಲಿ ಕೂತರೆ ಮೂರರಷ್ಟು. ಎರಡು ಗೊಬ್ಬರದ ಮೂಟೆ, ಇಬ್ಬರು ಆಳು ಸೇರಿ ನನ್ನ ಗಾಡಿ ಎರಡು ಟನ್ ಅಂದುಕೊಳ್ಳಿ. ಅದು ಕೆಸರು ಕಚ್ಚಿ ಕೂತಾಗ ಕೊಂಡಿಯ ಮೇಲೆ ಆರು ಟನ್ ಬರಬಹುದು. ಇದು ನಿಧಾನವಾಗಿ ಎಳೆದಾಗಿನ ಮಾತು. ಹಗ್ಗ ಸಡಿಲ ಬಿಟ್ಟು ಓಡಿಬಂದು ಜರ್ಕ್ ಕೊಟ್ಟರೆ ಲೆಕ್ಕವೇ ಬೇರೆ. 1,800 ಕೆಜಿ ಗಾಡಿ ಗಂಟೆಗೆ 10 ಕಿಮೀ ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 7,000 ಜೂಲ್. ವೇಗ 20 ಆದರೆ ಅದು ಎರಡರಷ್ಟಲ್ಲ, ನಾಲ್ಕರಷ್ಟು: ಅದೇ ಗಾಡಿಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಎತ್ತುವಷ್ಟು. "ಇನ್ನೊಂಚೂರು ಸ್ಪೀಡಾಗಿ ಬನ್ನಿ ಅಣ್ಣ" ಅಂತ ಕೂಗುವವರು ಕೇಳುತ್ತಿರುವುದು ಇದನ್ನೇ.

ತಿರುಪಿನ ಕಿವಿ

ಈಗಿನ ಬಹುಪಾಲು ಕಾರುಗಳಲ್ಲಿ ಜಾಕ್, ಸ್ಪ್ಯಾನರ್ ಇಡುವ ಜಾಗದಲ್ಲೇ ಒಂದು ಕಬ್ಬಿಣದ ಕಿವಿ ಇರುತ್ತದೆ. ಬಂಪರಿನ ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗಿನ ತೂತಿಗೆ ತಿರುಗಿಸಬೇಕು. ಕೆಲವು ಗಾಡಿಗಳಲ್ಲಿ ಇದರ ಮರೆ (ತಿರುಪಿನ ಸುರುಳಿ ಗೆರೆ) ಎಡಕ್ಕೆ ತಿರುಗುವಂಥದ್ದು. ಗೊತ್ತಿಲ್ಲದೆ ಬಲಕ್ಕೆ ಒತ್ತಿ ಮರೆ ಕೆಡಿಸಿದವರಿದ್ದಾರೆ. ಕೆಟ್ಟುನಿಂತ ಗಾಡಿಯನ್ನು ಟಾರು ರಸ್ತೆಯಲ್ಲಿ ಇದಕ್ಕೆ ಕಟ್ಟಿ ವರ್ಕ್‌ಶಾಪಿಗೆ ತಂದಿದ್ದೇನೆ, ಒಂದು ಚೂರೂ ತೊಂದರೆಯಾಗಲಿಲ್ಲ. ಅದೇ ಬಗೆಯ ಕಿವಿಗೆ ಹಳ್ಳದ ಅಂಚಿನಲ್ಲಿ ಹೂತ ಸ್ನೇಹಿತರ ಗಾಡಿಯನ್ನು ಓರೆಯಾಗಿ ಎಳೆದೆವು. ಎರಡನೇ ಎಳೆತಕ್ಕೆ ಕಿವಿ ಮೇಲ್ಮುಖವಾಗಿ ಬಾಗಿತು, ಬಂಪರ್ ಸೀಳಿತು. ಬಿಚ್ಚಲು ಹೋದರೆ ಬಾಗಿದ ತಿರುಪು ತಿರುಗಲೇ ಇಲ್ಲ.

ಕಾರಣ ಸರಳ. ಅದು ಒಂದೇ ಬೋಲ್ಟು, ಅರ್ಧ ಗೇಣು ಹೊರಗೆ ಚಾಚಿಕೊಂಡಿರುತ್ತದೆ. ನೇರ ಎಳೆದಾಗ ಭಾರ ಮರೆಗೆ ಹೋಗುತ್ತದೆ. ಓರೆ ಎಳೆದ ಕ್ಷಣ ಅದು ಹಾರೆಯಾಗಿ ತನ್ನ ಬುಡವನ್ನು ತಾನೇ ಮೀಟುತ್ತದೆ. ಕೆಸರಲ್ಲಿ ಹೂತ ಗಾಡಿಗೆ ನೇರ ಎಳೆತ ಸಿಗುವುದು ಅಪರೂಪ. ಹಾಗಾಗಿ ಇದು ಟಾರು ರಸ್ತೆಗೆ ಮಾತ್ರ.

ಲಾರಿಗೆ ಬಿಗಿಯುವ ಕೊಂಡಿ

ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಗಾಡಿಯ ಕೆಳಗೆ ಇಣುಕಿದರೆ ಚಾಸಿಯ ಎರಡೂ ಬದಿಯಲ್ಲಿ ತೂತು ಕೊರೆದ ತಗಡಿನ ಕಿವಿಗಳು ಕಾಣುತ್ತವೆ. ನೋಡಲು ಎಳೆಯುವ ಕೊಂಡಿಯಂತೆಯೇ. ಅವು ಇರುವುದು ಹೊಸ ಗಾಡಿಯನ್ನು ಕಾರ್ಖಾನೆಯಿಂದ ಶೋರೂಮಿಗೆ ತರುವ ಲಾರಿಯ ಮೇಲೆ ಅಲುಗದಂತೆ ಕೆಳಕ್ಕೆ ಬಿಗಿಯಲು. ಕೆಳಕ್ಕೆ ಬಿಗಿಯುವ ಭಾರವೇ ಬೇರೆ, ಮುಂದಕ್ಕೆ ಎಳೆಯುವ ಭಾರವೇ ಬೇರೆ.

ಗುರುತು ಹಿಡಿಯುವ ಬಗೆ ಹೇಳುತ್ತೇನೆ. ತಗಡು ತೆಳುವಾಗಿದ್ದು ಅಂಚು ಹರಿತವಾಗಿದ್ದರೆ, ತೂತು ಉದ್ದುದ್ದವಾಗಿ ನೆಲದ ಕಡೆಗೆ ಮುಖ ಮಾಡಿದ್ದರೆ, ಶ್ಯಾಕಲ್ಲಿನ (ಹಗ್ಗವನ್ನು ಕೊಂಡಿಗೆ ಸೇರಿಸುವ, ಅಡ್ಡ ಪಿನ್ನಿರುವ ಕಬ್ಬಿಣದ ಬಳೆ) ಪಿನ್ನು ಅದರಲ್ಲಿ ಸರಿಯಾಗಿ ಕೂರದಿದ್ದರೆ ಅದು ಬಿಗಿಯುವ ಕೊಂಡಿ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲೂ ಎಳೆಯಲು ಯಾವುದು, ಕಟ್ಟಲು ಯಾವುದು ಅಂತ ಚಿತ್ರ ಸಮೇತ ಇರುತ್ತದೆ. ಆ ಪುಟ ತೆರೆದವರು ಕಡಿಮೆ.

ಭಾವನ ಗಾಡಿ ಒಮ್ಮೆ ಜೌಗಿನಲ್ಲಿ ಅರ್ಧ ಚಕ್ರ ಇಳಿದಿದ್ದಾಗ ಬೇರೆ ಕೊಂಡಿ ಕೆಸರಿನೊಳಗಿತ್ತು, ಕೈಗೆ ಸಿಕ್ಕಿದ್ದು ಇದೊಂದೇ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಅತಿ ನಿಧಾನ ಎಳೆಸಿದೆವು. ಗಾಡಿ ಬಂತು. ತೊಳೆದು ನೋಡಿದರೆ ತೂತು ಹಿಗ್ಗಿ ಮೊಟ್ಟೆಯಾಕಾರವಾಗಿತ್ತು, ಬುಡದ ಬೆಸುಗೆಯ ಪಕ್ಕ ಬಣ್ಣ ಬಿರುಕು ಬಿಟ್ಟಿತ್ತು. ಬಣ್ಣ ಬಿರಿಯಿತು ಅಂದರೆ ಅದರಡಿಯ ಕಬ್ಬಿಣ ಹಿಗ್ಗಿದೆ ಎಂದೇ ಅರ್ಥ. ಹಿಗ್ಗುವ ಹಗ್ಗದಿಂದ ಜರ್ಕ್ ಕೊಟ್ಟಿದ್ದರೆ ಆ ಕಿವಿ ಹಗ್ಗದ ಜೊತೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಣ್ಣನ ಬೆನ್ನಿಗೆ ಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಟೋ ಬಾಲ್

ಇದನ್ನು ನಾನು ಪರೀಕ್ಷೆ ಮಾಡಿಲ್ಲ, ಮಾಡುವುದೂ ಇಲ್ಲ. ಟ್ರೇಲರ್ ಸಿಕ್ಕಿಸುವ ಆ ಗುಂಡಿನ ಕುತ್ತಿಗೆ ಸಣ್ಣದು. ಟ್ರೇಲರಿನ ನಿಧಾನದ ಎಳೆತಕ್ಕೆ ಮಾಡಿದ್ದು. ಆಸ್ಟ್ರೇಲಿಯಾದಲ್ಲಿ ಸ್ನ್ಯಾಚ್ ಸ್ಟ್ರ್ಯಾಪನ್ನು (ಜರ್ಕ್ ಕೊಡಲು ಬಳಸುವ ಹಿಗ್ಗುವ ಪಟ್ಟಿ) ಟೋ ಬಾಲಿಗೆ ಹಾಕಿ ಎಳೆದಾಗ ಗುಂಡು ಕಿತ್ತು ಗಾಜು ತೂರಿ ಒಳಗಿದ್ದವರ ಪ್ರಾಣ ತೆಗೆದ ಘಟನೆಗಳು ಒಂದಕ್ಕಿಂತ ಹೆಚ್ಚು ನಡೆದಿವೆ. ಹಗ್ಗದ ಕುಣಿಕೆ ಹಾಕಲು ಅದರಷ್ಟು ಸಲೀಸಾದ ಜಾಗ ಗಾಡಿಯಲ್ಲಿ ಇನ್ನೊಂದಿಲ್ಲ, ಅದೇ ಅಪಾಯ. ನಮ್ಮಲ್ಲಿ ಈಚೆಗೆ ಟ್ರೇಲರ್ ಇಲ್ಲದವರೂ ಚಂದಕ್ಕೆ ಹಿಂದೆ ಗುಂಡು ಹಾಕಿಸಿಕೊಳ್ಳುತ್ತಿದ್ದಾರೆ. ದಯವಿಟ್ಟು ಕಾಡುದಾರಿಗೆ ಹೊರಡುವ ಮುಂಚೆ ಅದನ್ನು ಬಿಚ್ಚಿ ಮನೆಯಲ್ಲಿಡಿ. ಇದ್ದರೆ ಯಾರಾದರೂ ಗಡಿಬಿಡಿಯಲ್ಲಿ ಕುಣಿಕೆ ಹಾಕಿಯೇ ಹಾಕುತ್ತಾರೆ.

ಆಕ್ಸಲ್

"ಆಕ್ಸಲ್ಲಿಗೇ ಸುತ್ತಿ ಸಾರ್, ಅದಕ್ಕಿಂತ ಗಟ್ಟಿ ಏನಿದೆ?" ನಮ್ಮ ಕಡೆ ಟ್ರ್ಯಾಕ್ಟರ್ ಓಡಿಸುವವರೆಲ್ಲ ಹೇಳುವ ಮಾತು. ಹಳೇ ಜೀಪಿನ ಕಾಲದಿಂದ ಬಂದ ರೂಢಿ. ಆಕ್ಸಲ್ ಗಟ್ಟಿಯೇ, ಸುಳ್ಳಲ್ಲ. ಆದರೆ ಅದನ್ನು ಚಾಸಿಗೆ ಹಿಡಿದಿರುವುದು ಬುಶ್ಶು, ಲಿಂಕು, ಸ್ಪ್ರಿಂಗಿನ ಯು ಬೋಲ್ಟು. ಅದರ ಮೈಗೆ ಅಂಟಿಕೊಂಡೇ ಬ್ರೇಕ್ ಪೈಪು ಹೋಗುತ್ತದೆ. ಎರಡನೇ ಮಳೆಗಾಲದಲ್ಲಿ ನಾವೂ ಹೀಗೇ ಸುತ್ತಿ ಎಳೆದೆವು. ಗಾಡಿ ಹತ್ತೇ ನಿಮಿಷದಲ್ಲಿ ಮೇಲೆ ಬಂತು, ಎಲ್ಲರಿಗೂ ಖುಷಿ. ಮನೆ ಕಡೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಯಿತು. ಹಗ್ಗ ಪೈಪನ್ನು ಹಿಸುಕಿ ಸೀಳಿತ್ತು. ಮೊದಲನೇ ಗೇರು, ಹ್ಯಾಂಡ್‌ಬ್ರೇಕು, ರಸ್ತೆ ಬದಿಯ ಮಣ್ಣಿನ ದಿಬ್ಬ ಇದ್ದದ್ದರಿಂದ ನಿಂತಿತು. ಸ್ಟೀರಿಂಗ್ ರಾಡು, ಕಂಟ್ರೋಲ್ ಆರ್ಮು, ಆ್ಯಂಟಿ ರೋಲ್ ಬಾರಿಗೂ ಇದೇ ಮಾತು.

ಊರಿನ ವೆಲ್ಡಿಂಗ್ ಶಾಪಿನ ಕೊಂಡಿ

ಟ್ರೇಲರ್ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಮುಂದಿನ ಕಬ್ಬಿಣದ ಬಂಪರಿಗೆ ದಪ್ಪ ಪ್ಲೇಟು ಕತ್ತರಿಸಿ ಎರಡು ಕಿವಿ ಬೆಸೆಸಿದ್ದೆ. ಕೆಲಸ ಅಚ್ಚುಕಟ್ಟಾಗಿತ್ತು, ಬೆಸುಗೆಯ ತಪ್ಪು ಅನ್ನಲಾರೆ. ತಪ್ಪು ಕಿವಿಯ ಹಿಂದೆ ಏನಿದೆ ಅಂತ ನಾನು ನೋಡದೇ ಇದ್ದದ್ದು. ಬಂಪರ್ ಚಾಸಿಗೆ ನಿಂತಿದ್ದದ್ದು ಒಂದೊಂದು ಬದಿಗೆ ಎರಡೇ ಸಣ್ಣ ಬೋಲ್ಟಿನ ಮೇಲೆ, ಅದೂ ತಗಡಿನ ಬ್ರಾಕೆಟ್ಟಿನಲ್ಲಿ. ಮೂರು ಟನ್ ಎಳೆತಕ್ಕೆ ಕಿವಿ ಹಾಗೇ ಇರುತ್ತದೆ, ಬಂಪರ್ ಸಮೇತ ಬರುತ್ತದೆ. ನಮ್ಮಲ್ಲಿ ಅಷ್ಟು ಆಗುವ ಮೊದಲೇ ಬ್ರಾಕೆಟ್ ಬೆರಳಗಲ ಮುಂದೆ ಬಂದದ್ದು ಕಂಡು ನಿಲ್ಲಿಸಿದೆವು.

ಹಾಗಾದರೆ ಚಾಸಿಗೇ ಬೆಸೆದರೆ? ಈಗಿನ ಚಾಸಿಗಳಲ್ಲಿ ಹೆಚ್ಚು ಬಲದ ಉಕ್ಕು ಬಳಸುತ್ತಾರೆ. ಬೆಸುಗೆಯ ಶಾಖ ತಾಗಿದ ಅಂಚು ತನ್ನ ಬಲ ಕಳೆದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ. ಇನ್ನೊಂದು ವಿಷಯ: ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿದೆ. ಕೊಂಡಿ ಸಿಗುತ್ತದೆ ಅನ್ನುವ ಆಸೆಗೆ ಭಾರದ ಕಬ್ಬಿಣದ ಬಂಪರ್ ಹಾಕಿಸುವವರು ಇದನ್ನೂ ಯೋಚಿಸಬೇಕು.

ಹಿಂದಿನ ಹಿಚ್ ರಿಸೀವರ್

ಚಾಸಿಗೆ ನಾಲ್ಕಾರು ಬೋಲ್ಟಿನಲ್ಲಿ ಕೂತ, ಟೋ ಬಾಲಿನ ನಾಲಿಗೆ ಕೂರಿಸುವ 50 ಎಂಎಂ ಚೌಕದ ಕೊಳವೆ ಇದ್ದರೆ ಹಿಂದುಗಡೆಗೆ ಇದು ಒಳ್ಳೆಯ ಜಾಗ. ಗುಂಡು ಕೂರಿಸಿದ ನಾಲಿಗೆಯನ್ನು ಕಿತ್ತು, ಕೊಳವೆಯನ್ನು ಮಾತ್ರ ಬಳಸಬೇಕು. ಎರಡು ರೀತಿಯಲ್ಲಿ ಮಾಡಿ ನೋಡಿದೆವು.

ಮೊದಲನೆಯದು ಹಗ್ಗದ ಕುಣಿಕೆಯನ್ನೇ ಕೊಳವೆಯೊಳಗೆ ತೂರಿಸಿ ಅಡ್ಡ ಪಿನ್ ಹಾಕುವುದು. ಖರ್ಚಿಲ್ಲ, ಹಾರುವ ಕಬ್ಬಿಣವೂ ಇಲ್ಲ. ಎರಡು ಸಲ ಚೆನ್ನಾಗಿಯೇ ಬಂತು. ಮೂರನೇ ಸಲ, ಭಾವನ ಗಾಡಿಯನ್ನು ಹೊರಗೆಳೆದ ಮೇಲೆ, ಪಿನ್ನು ಹೊರಗೆ ಬರಲಿಲ್ಲ. 16 ಎಂಎಂ ಪಿನ್ನು ನಡುವಿನಲ್ಲಿ ಬಾಗಿತ್ತು, ಕುಣಿಕೆ ಒಳಗೇ ಸಿಕ್ಕಿಕೊಂಡಿತ್ತು. ಮಳೆಯಲ್ಲಿ ಕೂತು ಆಕ್ಸಾ ಬ್ಲೇಡಿನಲ್ಲಿ ಮುಕ್ಕಾಲು ಗಂಟೆ ಕುಯ್ದೆವು.

ಎರಡನೆಯದು ಶ್ಯಾಕಲ್ ಕೂರುವ ಘನ ಕಬ್ಬಿಣದ ತುಂಡನ್ನು ಕೊಳವೆಗೆ ಹಾಕಿ ಅದೇ ಪಿನ್ನಿನಲ್ಲಿ ಹಿಡಿಸುವುದು. ಅಂಗಡಿಯಲ್ಲಿ ರಿಕವರಿ ಹಿಚ್ ಅಂತ ಸಿಗುತ್ತದೆ. ಪಿನ್ನು ಅಷ್ಟೇ ದಪ್ಪದ್ದು, ಎಳೆತ ಅಷ್ಟೇ, ಆದರೂ ಇಲ್ಲಿಯವರೆಗೆ ಬಾಗಿಲ್ಲ. ವ್ಯತ್ಯಾಸ ಇಷ್ಟೇ: ಕುಣಿಕೆ ಹಾಕಿದಾಗ ಭಾರವೆಲ್ಲ ಪಿನ್ನಿನ ನಡುವೆ ಬೀಳುತ್ತದೆ, ಪಿನ್ನು ಎರಡು ಗೋಡೆಯ ನಡುವೆ ಹಾಸಿದ ಸಣ್ಣ ತೊಲೆಯಾಗುತ್ತದೆ. ಘನ ತುಂಡು ಕೊಳವೆಯ ಎರಡೂ ಗೋಡೆಗೆ ತಾಗಿ ಕೂರುವುದರಿಂದ ಭಾರ ಗೋಡೆಯ ಪಕ್ಕದಲ್ಲೇ ದಾಟುತ್ತದೆ, ಬಾಗಲು ಜಾಗವೇ ಇರುವುದಿಲ್ಲ.

ಕೊಳ್ಳುವ ಮುಂಚೆ ಕೆಳಗೆ ಮಲಗಿ ಬೋಲ್ಟು ಎಣಿಸಿ. ಮಾರುಕಟ್ಟೆಯ ಕೆಲವು ಹಿಚ್ಚುಗಳು ಬಂಪರಿನ ಬ್ರಾಕೆಟ್ಟಿಗೇ ನೇತಾಡುತ್ತವೆ, ಅವು ಸೈಕಲ್ ಸ್ಟ್ಯಾಂಡಿಗೆ ಆದೀತು. ಇನ್ನೊಂದು ಮಿತಿ ಓರೆ ಎಳೆತ. ಚೌಕದ ಕೊಳವೆ ಮಧ್ಯದಲ್ಲಿರುವುದರಿಂದ ಪಕ್ಕಕ್ಕೆ ಎಳೆದರೆ ಇಡೀ ಅಡ್ಡಪಟ್ಟಿ ತಿರುಚಿಕೊಳ್ಳುತ್ತದೆ.

ಚಾಸಿಗೆ ಬೋಲ್ಟು ಹಾಕಿದ ಜೋಡಿ ರಿಕವರಿ ಪಾಯಿಂಟು

ನಾನು ಕೊನೆಗೆ ಬಂದು ನಿಂತದ್ದು ಇಲ್ಲಿ. ನಮ್ಮ ಗಾಡಿಯ ಮಾದರಿಗೆಂದೇ ಮಾಡಿದ, ಎಷ್ಟು ಭಾರಕ್ಕೆ ಅಂತ ಮೈಮೇಲೆ ಅಚ್ಚೊತ್ತಿದ, ಚಾಸಿಯಲ್ಲಿ ಕಂಪನಿಯವರೇ ಬಿಟ್ಟ ತೂತುಗಳಿಗೆ ಕೂರುವ ದಪ್ಪ ಪ್ಲೇಟುಗಳು, ಎಡಕ್ಕೊಂದು ಬಲಕ್ಕೊಂದು. ಒಳ್ಳೆಯ ಹಗ್ಗಕ್ಕಿಂತ ಹೆಚ್ಚು ದುಡ್ಡು ಇದಕ್ಕೇ ಆಯಿತು. ಸರಿಯಾದ ಕ್ರಮ ಅದೇ ಅಂತ ಈಗ ಅನ್ನಿಸುತ್ತದೆ.

ಇಲ್ಲಿ ಬೋಲ್ಟಿನ ತಲೆ ನೋಡುವುದು ಮುಖ್ಯ. 8.8 ಅಥವಾ 10.9 ಅಂತ ಬಲದ ದರ್ಜೆಯ ಅಂಕಿ ಕೆತ್ತಿರುತ್ತಾರೆ. 12 ಎಂಎಂ ದಪ್ಪದ 8.8 ಬೋಲ್ಟು ಉದ್ದಕ್ಕೆ ಎಳೆದರೆ ಸುಮಾರು 6.8 ಟನ್ನಿಗೆ ತುಂಡಾಗುತ್ತದೆ, 10.9 ಆದರೆ ಸುಮಾರು 9 ಟನ್. ಅಡ್ಡಕ್ಕೆ ಕತ್ತರಿಸುವ ಭಾರಕ್ಕೆ ಇದರಲ್ಲಿ ಸುಮಾರು ಶೇ 60 ಮಾತ್ರ ಹಿಡಿಯಬೇಕು, ಅಂದರೆ 8.8ಕ್ಕೆ ನಾಲ್ಕೇ ಟನ್. ಅಂಕಿಯೇ ಇಲ್ಲದ ಬೋಲ್ಟು ಸಿಕ್ಕಿತು ಅಂತ ಹಾಕಿದರೆ ಪ್ಲೇಟಿನ ಮೇಲಿನ ಅಚ್ಚಿಗೆ ಬೆಲೆಯಿಲ್ಲ. ನನ್ನದರಲ್ಲಿ ಒಂದೊಂದು ಬದಿಗೆ 10.9ರ ಮೂರು ಬೋಲ್ಟು, ಒಳಗಡೆ ದಪ್ಪ ವಾಷರ್ ಪ್ಲೇಟು. ಮೊದಲ ದೊಡ್ಡ ಎಳೆತದ ನಂತರ ಟಾರ್ಕ್ ರೆಂಚ್ ಹಿಡಿದು ನೋಡಿದೆ, ಒಂದು ಬೋಲ್ಟು ಕಾಲು ಸುತ್ತು ಸಡಿಲವಾಗಿತ್ತು. ಅಂದಿನಿಂದ ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಹಳದಿ ಬಣ್ಣದ ಗೆರೆ ಎಳೆದಿದ್ದೇನೆ. ಗೆರೆ ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ.

ಜೋಡಿ ಇದ್ದರೆ ಭಾರ ಹಂಚಬಹುದು, ಅದಕ್ಕೆ ಬ್ರೈಡಲ್ ಪಟ್ಟಿ ಬೇಕು. ಎಡ ಬಲ ಎರಡಕ್ಕೂ ಸಿಕ್ಕಿಸಿ, ಮುಂದೆ ಒಂದು ಕಡೆ ಸೇರಿಸಿ, ಅಲ್ಲಿಂದ ಹಗ್ಗ. ಆದರೆ ಪಟ್ಟಿ ಗಿಡ್ಡವಾದರೆ ಲೆಕ್ಕ ತಲೆಕೆಳಗು. ನಾಲ್ಕು ಟನ್ ಎಳೆತದಲ್ಲಿ ಎರಡು ಎಳೆಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದಕ್ಕೆ 2.3 ಟನ್. 90 ಆದರೆ 2.8. 120 ಡಿಗ್ರಿಗೆ ತೆರೆದುಕೊಂಡರೆ ಒಂದೊಂದರ ಮೇಲೂ ಪೂರ್ತಿ ನಾಲ್ಕು ಟನ್, ಹಂಚಿದ್ದು ಏನೂ ಇಲ್ಲ, ಜೊತೆಗೆ ಎರಡೂ ಕೊಂಡಿಯನ್ನು ಒಳಮುಖವಾಗಿ ಬಾಗಿಸುವ ಎಳೆತ ಬೇರೆ. ಕೋನಮಾಪಕ ಬೇಡ. ಎರಡು ಕೊಂಡಿಗಳ ನಡುವಿನ ಅಂತರ ಎಷ್ಟಿದೆಯೋ ಒಂದೊಂದು ಎಳೆಯೂ ಅಷ್ಟೇ ಉದ್ದವಿದ್ದರೆ ಸರಿಯಾಗಿ 60 ಡಿಗ್ರಿ. ಅದಕ್ಕಿಂತ ಉದ್ದ ಇರಲಿ, ಗಿಡ್ಡ ಬೇಡ. ನಾವು ಮೊದಲು ಉಳಿದ ತುಂಡು ಹಗ್ಗದಲ್ಲಿ ಗಿಡ್ಡ ಬ್ರೈಡಲ್ ಮಾಡಿ ಎಳೆದಿದ್ದೆವು, ಬಂಪರಿನ ಮೂಲೆಗೆ ಉಜ್ಜಿ ಅದರ ನೂಲು ಬಿಟ್ಟುಕೊಂಡಿತ್ತು.

ಶ್ಯಾಕಲ್: ಕಬ್ಬಿಣದ್ದೋ, ಹಗ್ಗದ್ದೋ

ಮುಕ್ಕಾಲು ಇಂಚಿನ ಬೋ ಶ್ಯಾಕಲ್ ಮೇಲೆ 4.75 ಟನ್ ಅಂತ ಅಚ್ಚಿರುತ್ತದೆ. ಅದು ಕೆಲಸದ ಮಿತಿ, ಮುರಿಯುವ ಮಿತಿ ಅದರ ಹಲವು ಪಟ್ಟು ಮೇಲೆ. ಅಚ್ಚಿಲ್ಲದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದು ಟಾರ್ಪಾಲ್ ಕಟ್ಟಲಿಕ್ಕೆ ಸರಿ. ಕಬ್ಬಿಣದ್ದಕ್ಕೆ ಕೆಸರು, ಕಲ್ಲು, ಹರಿತ ಅಂಚು ಯಾವುದರ ಭಯವೂ ಇಲ್ಲ. ಭಯ ನಮಗೆ: ಕೊಂಡಿ ಕಿತ್ತರೆ ಅದರ ಜೊತೆ ಒಂದು ಕಿಲೋ ತೂಕದ ಇದೂ ಹಾರುತ್ತದೆ. ನಾರಿನ ಹಗ್ಗದಲ್ಲಿ ಹೆಣೆದ ಸಾಫ್ಟ್ ಶ್ಯಾಕಲ್ ಅಂಗೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಬಲ ಕಬ್ಬಿಣದ್ದಕ್ಕೆ ಸಮ. ಎರಡು ಹಗ್ಗ ಸೇರಿಸಬೇಕಾದಾಗ ನಡುವೆ ಕಬ್ಬಿಣ ಹಾಕಲೇಬಾರದು, ಇದೇ ಬೇಕು.

ಆದರೆ ಸಾಫ್ಟ್ ಶ್ಯಾಕಲ್ ದುಂಡನೆಯ ಅಂಚು ಕೇಳುತ್ತದೆ. ಪ್ಲೇಟು ಕತ್ತರಿಸಿ ಮಾಡಿದ ಕೊಂಡಿಯ ಒಳ ಅಂಚು ಹರಿತವಾಗಿದ್ದರೆ ನಾಲ್ಕೈದು ಎಳೆತಕ್ಕೆ ನಾರು ಕುಯ್ಯುತ್ತದೆ. ನನ್ನ ಮೊದಲನೆಯದು ಹೋದದ್ದು ಹಾಗೇ. ಆಮೇಲೆ ಕೊಂಡಿಯ ತೂತನ್ನು ಅರದಲ್ಲಿ ಉಜ್ಜಿ ಬೆರಳು ಜಾರುವಷ್ಟು ನಯ ಮಾಡಿದೆ. ನಮ್ಮ ಕೆಮ್ಮಣ್ಣಿನ ಹರಳು ನೂಲಿನೊಳಗೆ ಸೇರಿದರೆ ಒಳಗಿಂದಲೇ ಕೊರೆಯುತ್ತದೆ, ಹಾಗಾಗಿ ಪ್ರತಿ ಸಲ ಬಕೆಟ್ ನೀರಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ದುಂಡಗಿರುವ ಕೊಂಡಿಗೆ ಸಾಫ್ಟ್, ಹರಿತ ಇರುವ ಬೇರೆಯವರ ಗಾಡಿಗೆ ಕಬ್ಬಿಣದ್ದು ಅಂತ ಎರಡನ್ನೂ ಡಬ್ಬಿಯಲ್ಲಿಟ್ಟಿದ್ದೇನೆ.

ಹಗ್ಗದ ಬಗ್ಗೆ ಎರಡೇ ಮಾತು. ಜರ್ಕ್ ಕೊಡುವುದಾದರೆ ಹಿಗ್ಗುವ ನೈಲಾನ್ ಹಗ್ಗವೇ ಇರಲಿ, ಎರಡು ಗಾಡಿಗಳಲ್ಲಿ ಹಗುರವಾದದ್ದರ ತುಂಬಿದ ತೂಕದ ಎರಡರಿಂದ ಮೂರು ಪಟ್ಟು ಬಲದ್ದು. ಹಿಗ್ಗದ ಪಟ್ಟಿ, ಸರಪಳಿ, ಕಬ್ಬಿಣದ ರೋಪಿನಲ್ಲಿ ಜರ್ಕ್ ಬೇಡ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ಕಾಫಿ ಚೀಲ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಹಗ್ಗ ತುಂಡಾದರೆ ಆ ಭಾರಕ್ಕೆ ಅದರ ಹಾರಾಟ ತಗ್ಗುತ್ತದೆ. ನೋಡುವವರು ಹಗ್ಗದ ಒಂದೂವರೆ ಪಟ್ಟು ದೂರ, ಬದಿಗೆ. ಎಳೆಯುವ ಮುಂಚೆ ಚಕ್ರದ ಮುಂದಿನ ಕೆಸರನ್ನು ಗುದ್ದಲಿಯಲ್ಲಿ ಬಿಡಿಸಿದರೆ ಆರು ಟನ್ನಿನ ಕೆಲಸ ಮೂರಕ್ಕೆ ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಟ್ರ್ಯಾಕ್ಟರ್ ಅಣ್ಣನಿಗೆ ಈಗ ಇದು ರೂಢಿಯಾಗಿದೆ, ನಾನು ಕೊಂಡಿ ಹುಡುಕುವಷ್ಟರಲ್ಲಿ ಅವರು ಗುದ್ದಲಿ ಹಿಡಿದಿರುತ್ತಾರೆ.

ಈಗ ನನ್ನ ಗಾಡಿಯಲ್ಲಿ ಮುಂದೆ ಜೋಡಿ ಪಾಯಿಂಟು, ಉದ್ದ ಬ್ರೈಡಲ್, ಹಿಂದೆ ರಿಸೀವರಿಗೆ ಘನ ತುಂಡು. ತಿರುಪಿನ ಕಿವಿ ಟೂಲ್ ಬ್ಯಾಗಿನಲ್ಲೇ ಇದೆ, ಟಾರು ರಸ್ತೆಗೆ. ಬೆಸೆದಿದ್ದ ಕಿವಿಗಳನ್ನು ಕತ್ತರಿಸಿ ತೆಗೆಸಿದೆ. ಉಳಿದಿದ್ದರೆ ನಾನಿಲ್ಲದಾಗ ಯಾರಾದರೂ ನಂಬಿ ಕಟ್ಟುತ್ತಿದ್ದರು. ಭಾವನ ಗಾಡಿಯ ಆ ಮೊಟ್ಟೆಯಾಕಾರದ ಕಿವಿಗೆ ಕೆಂಪು ಬಣ್ಣ ಬಳಿದಿದ್ದೇವೆ, ಮುಟ್ಟಬೇಡಿ ಅಂತ. ನನಗೆ ಇನ್ನೂ ಬಗೆಹರಿಯದ್ದು ಹಿಂದಿನಿಂದ ಓರೆ ಎಳೆಯಬೇಕಾದಾಗಿನದು. ಹಳ್ಳದ ತಿರುವಿನಲ್ಲಿ ಹೂತರೆ ರಿಸೀವರಿಗೆ ನೇರ ಎಳೆತ ಸಿಗುವುದಿಲ್ಲ. ಹಿಂದಿನ ಎಡ ಚಾಸಿಯಲ್ಲಿ ಕಂಪನಿ ಬಿಟ್ಟ ಮೂರು ತೂತಿವೆ, ಅಳತೆ ತೆಗೆದು ಬರೆದಿಟ್ಟಿದ್ದೇನೆ. ಮಳೆ ಹಿಡಿಯುವ ಮುಂಚೆ ಅದಕ್ಕೆ ಕೂರುವ ಪ್ಲೇಟು ತರಿಸಬೇಕು. ಅಲ್ಲಿಯವರೆಗೆ ಆ ತಿರುವಿನಲ್ಲಿ ಗಾಡಿ ಇಳಿಸುವುದಿಲ್ಲ.